ಚಪ್ಪಲಿ ಬಿಟ್ಟು ಹೋದ

ಪ್ಯಾರಿಸ್ಸಿನ ಮ್ಯೂಸಿಯಮ್ಮಿನಾಕೆ
ಬಿಳಿ ಕೈಗವಸು ತೊಟ್ಟೇ ಮುಟ್ಟಿದಳು, ಅಜ್ಜಿಯ ಬಟ್ಟೆ.
"ಇವುಗಳಲ್ಲಿ ಅಸಲಿ ಯಾವುದು, ಎಸ್ಸಿವಿ?"

ಮೇಜಿನ ಮೇಲೆ ಮೂರು ತುಂಡು.
ಒಂದು ಅವಳೇ ತಂದದ್ದು, ಜಾವಾದ್ದು,
ಕಂದು, ಕೈಯಲ್ಲಿ ಮೇಣ ಬರೆದದ್ದು, ಉಸಿರು ತಾಕಿದರೆ ಹರಿಯುವಷ್ಟು ಹಳತು.
ಒಂದು ಹಾಲೆಂಡಿನದು, ಅಜ್ಜಿಯ ತಗಡಿನ ಪೆಟ್ಟಿಗೆಯದು,
ಲೋಮೆಯ ಮಾರುಕಟ್ಟೆಗೆ ಬೆಂಕಿ ಬಿದ್ದ ರಾತ್ರಿ
ಅಮ್ಮ ದುಡ್ಡಿನ ಡಬ್ಬಿ ಬಿಟ್ಟು ಹೊತ್ತು ತಂದದ್ದು.
ಮೂರನೆಯದು ನಾನು ದಿನಾ ಮಾರುವುದು, ಚೀನಾದ್ದು.
ಅಂಗೈಗೆ ನೀಲಿ ಹತ್ತಿದೆ, ನೋಡಿ.

ಮೂರರಲ್ಲೂ ಅದೇ ಚಿತ್ತಾರ:
ಜೋಡಿ ಜೋಡಿಯಾಗಿ ಏನೋ ಮಲಗಿದೆ.

ಜಾವಾದಲ್ಲಿ ಅದು ರೆಕ್ಕೆಯಂತೆ, ದೇವರ ಹಕ್ಕಿಯದು.
ಹಾಲೆಂಡಿನ ಯಾವನೋ ಗುಮಾಸ್ತ
ಗರಿ ಎಣಿಸುವ ತಾಳ್ಮೆಯಿಲ್ಲದೆ ಅಂಚು ದುಂಡಗೆ ಮಾಡಿದ.
ಅವನ ಯಂತ್ರಕ್ಕೋ ಮೇಣ ಒಡೆಯುವ ರೋಗ.
ಬಿರುಕಿನೊಳಗೆ ಬಣ್ಣ ಇಳಿದು
ಮುದುಕಿಯ ಮುಂಗೈ ನರದ ಹಾಗೆ ಹಬ್ಬಿತು.
ಜಾವಾದವರು ಮೂಗು ಮುರಿದರು.
ಹಡಗು ಈ ಕಡೆ ತಿರುಗಿತು.
ನಮ್ಮ ಹೆಂಗಸರು ಬೆಳಕಿಗೆ ಹಿಡಿದು ನೋಡಿ ಅಂದರು:
ಒಂದು ಗಜದ ಹಾಗೆ ಇನ್ನೊಂದಿಲ್ಲ,
ಇದು ನಮ್ಮದೇ.

ಚೀನಾದವರು ಬಿರುಕನ್ನೂ ಅಚ್ಚು ಹಾಕಿದ್ದಾರೆ.
ಪ್ರತಿ ಗಜಕ್ಕೂ ಅದೇ ಬಿರುಕು, ಅದೇ ಜಾಗದಲ್ಲಿ.

"ಹಾಗಾದರೆ ನಿಮ್ಮದೇನು ಇದರಲ್ಲಿ?"
ಒರಟಾಗಿ ಕೇಳಲಿಲ್ಲ ಆಕೆ. ನಿಜಕ್ಕೂ ಗೊತ್ತಿರಲಿಲ್ಲ.

ಹೆಸರು, ಅಂದೆ.
ಹಡಗಿನಿಂದ ಇಳಿಯುವಾಗ ಅದು ಬರೇ ಅರಿವೆ, ನಂಬರು ಹೊತ್ತ ಮೂಟೆ.
ನನ್ನಜ್ಜಿ ದಾವಿ ಕೊಕೊಯೆ
ಗಲ್ಲಕ್ಕೆ ಕೈಯಿಟ್ಟು ಒಂದು ಮಧ್ಯಾಹ್ನವಿಡೀ ನೋಡಿ
ಹೆಸರು ಕೂಗಿದಳು: 'ಚಪ್ಪಲಿ ಬಿಟ್ಟು ಹೋದ.'
ಸಂಜೆಯೊಳಗೆ ನಲವತ್ತು ಮೂಟೆ ಖಾಲಿ.
ಗಂಡ ಬಿಟ್ಟವರು ಉಟ್ಟರು,
ಬಿಟ್ಟಾನೆಂಬ ಭಯದವರು ಉಟ್ಟರು,
ಮದುವೆಯಾಗದ ಹುಡುಗಿಯರೂ ಉಟ್ಟು
ಕನ್ನಡಿಯಲ್ಲಿ ಬೆನ್ನು ನೋಡಿಕೊಂಡರು.
ಆ ದುಡ್ಡಲ್ಲಿ ಮನೆ ಎದ್ದಿತು. ಕಾರು ಬಂತು.

ಆಕೆ ಬರೆದುಕೊಳ್ಳುತ್ತಿದ್ದಳು. ನಾನು ನಿಲ್ಲಿಸಬಹುದಿತ್ತು.

ಪಕ್ಕದ ಮಳಿಗೆ ಅಕ್ಪೆನೆಯದು.
ಅವಳ ಗಂಡ ಲಿಬ್ರವಿಲ್ಲಿನ ದೋಣಿ ಹತ್ತಿದ ಬೆಳಿಗ್ಗೆ
ಬಂದು ಅಜ್ಜಿಯ ಮೊಣಕಾಲ ಮೇಲೆ ತಲೆಯಿಟ್ಟು
ಒಂದೇ ಮಾತು ಹೇಳಿದ್ದಳಂತೆ, ಮತ್ತೆ ಮತ್ತೆ:
ಚಪ್ಪಲಿ ಬಿಟ್ಟು ಹೋದ, ಕೊಕೊಯೆ,
ಬರಿಗಾಲಲ್ಲಿ ಎಷ್ಟು ದೂರ ಹೋದಾನು?

ಅಜ್ಜಿ ತಲೆ ಸವರಿದಳು. ಗಂಜಿ ಕುಡಿಸಿದಳು.
ಮೂರು ವಾರ ಬಿಟ್ಟು ಮೂಟೆ ಬಿಚ್ಚಿದಾಗ
ಕಂಡವಳ ಸಂಕಟವನ್ನು ಬಾವಿಗೆ ತಳ್ಳಿ ಆಳ ನೋಡಿದಳು.
ಆಳವಿತ್ತು.

ಪ್ರಶ್ನೆಯನ್ನಂತೂ ತೆಗೆದುಹಾಕಿದಳು.
ಪ್ರಶ್ನೆ ಮಾರಾಟವಾಗುವುದಿಲ್ಲ.

ಅಕ್ಪೆನೆ ಜಗಳಕ್ಕೆ ಬರಲಿಲ್ಲ.
ಗಿರಾಕಿಗಳ ಸಾಲಿನಲ್ಲಿ ನಿಂತು ಆರು ಗಜ ಕೇಳಿದಳು,
ಚೌಕಾಸಿ ಮಾಡಿದಳು.
ಅಜ್ಜಿ ಒಂದು ಕಾಸೂ ಇಳಿಸಲಿಲ್ಲ.
ಇಳಿಸಿದ್ದರೆ ಒಪ್ಪಿಕೊಂಡಂತಾಗುತ್ತಿತ್ತಲ್ಲ,
ಅನ್ನುತ್ತಿದ್ದಳು ಅಮ್ಮ.

ಆ ಆರು ಗಜ ಉಟ್ಟುಕೊಂಡೇ ಅವಳು ಮಣ್ಣಿಗೆ ಹೋದಳು.
ಇದನ್ನು ಮಾತ್ರ ಯಾವ ಹಡಗೂ ಮತ್ತೆ ತರಲಾರದು.

ಮ್ಯೂಸಿಯಮ್ಮಿನಾಕೆ ಕಾಗದ ಮುಂದೆ ಸರಿಸಿದಳು.
ಊರು, ವರ್ಷ, ನೂಲು, ಎಲ್ಲ ತುಂಬಿತ್ತು.
ಕರ್ತೃ ಅನ್ನುವಲ್ಲಿ ಖಾಲಿ ಗೆರೆ.
ಲೇಖನಿ ಹಿಡಿದು ಎಷ್ಟು ಹೊತ್ತು ಕೂತೆನೋ,
ಅಂಗೈ ಬೆವರಿ, ಗೆರೆಯ ಮೇಲೆಲ್ಲ ನೀಲಿ ಮೆತ್ತಿತು.

ಅಯ್ಯೋ, ಕ್ಷಮಿಸಿ, ಅಂದೆ.

"ಪರವಾಗಿಲ್ಲ," ಅಂದಳು ಚೀಲ ತೆರೆಯುತ್ತ,
"ಇಂಥದೇ ಇನ್ನೊಂದಿದೆ."